ಕ್ಯಾಪ್ಟನ್ ದೊಡ್ಡಮ್ಮನ ಬಾಗಿಲು

ನಮ್ಮ ದೊಡ್ಡಮ್ಮ ರೇಡಿಯೊ ನಾಟಕಗಳಲ್ಲಿ ಹತ್ತೊಂಬತ್ತು ವರ್ಷ ಬರೀ ಗುಂಪಿನ ಗದ್ದಲವಾಗಿದ್ದವರು. ಮಾರುಕಟ್ಟೆಯ ಹೆಂಗಸು, ಬಸ್ಸಿನಲ್ಲಿ ಕೆಮ್ಮುವವಳು, ಒಮ್ಮೆ ಮೇಕೆ ಕೂಡ. ಇಪ್ಪತ್ತನೆಯ ವರ್ಷ ಅದೃಷ್ಟ ಖುಲಾಯಿಸಿತು, ಅಂತರಿಕ್ಷ ನೌಕೆಯ ಕ್ಯಾಪ್ಟನ್ ಪಾತ್ರ ಸಿಕ್ಕಿತು. ನೌಕೆಯ ಬಾಗಿಲು ಕ್ಯಾಪ್ಟನ್ ದನಿಗೆ ಮಾತ್ರ ತೆರೆಯುತ್ತದೆ. ಶತ್ರುಗಳು ತಿಪ್ಪರಲಾಗ ಹಾಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಬಾಗಿಲಿನ ಸದ್ದು ಮಾತ್ರ ದೊಡ್ಡಪ್ಪನದು. ಅದೇ ಸ್ಟುಡಿಯೊದಲ್ಲಿ ಸದ್ದು ಮಾಡುವುದು ಅವರ ಕಸುಬು, ಅರ್ಧ ಸದ್ದು ಬಾಯಲ್ಲೇ.

ಕಥೆಯ ಹುಚ್ಚು ತಲೆಗೇರಿ ನಿರ್ದೇಶಕರು ರೆಕಾರ್ಡಿಂಗ್ ಕೋಣೆಗೇ ನಿಜವಾದ ದನಿಬೀಗ ಹಾಕಿಸಿದರು. ಹಳೆಯ ಬೀಗ ಕಿತ್ತೊಗೆದರು. ದೊಡ್ಡಮ್ಮ ಐದು ಸಲ "ಬಾಗಿಲೇ, ತೆರೆ" ಎಂದು ಯಂತ್ರಕ್ಕೆ ದನಿ ಕಲಿಸಿದರು. ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಆರು ತಿಂಗಳು ಇಬ್ಬರೂ ಜೊತೆಯಲ್ಲೇ ಬಂದರು, ಬಾಗಿಲೂ ಸಲೀಸಾಗಿ ತೆರೆಯಿತು.

ಕೊನೆಯ ಕಂತು ಮಧ್ಯಾಹ್ನ ನಾಲ್ಕಕ್ಕೆ ನೇರ ಪ್ರಸಾರ. ನೋಡಲು ನಾನೂ ಹೋಗಿದ್ದೆ. ಬಾಗಿಲ ಮುಂದೆ ದೊಡ್ಡಮ್ಮ ಗಂಡನತ್ತ ತಿರುಗಿ, "ಇವತ್ತೊಂದಿನ ಸುಮ್ನಿರಿ. ನಂಗೆ ಕೈಕಾಲೇ ಆಡ್ತಿಲ್ಲ" ಎಂದರು. ದೊಡ್ಡಪ್ಪ ಪಾಪ, ತುಟಿ ಹೊಲಿದುಕೊಂಡರು.

"ಬಾಗಿಲೇ, ತೆರೆ."

ಕೆಂಪು ದೀಪ. ಗತ್ತಿನಿಂದ ಹೇಳಿದರು, ಮುದ್ದಿನಿಂದ ಹೇಳಿದರು, ಕೊನೆಗೆ "ನಿನ್ ದಮ್ಮಯ್ಯ, ತೆರಿಯೋ" ಎಂದೂ ಬೇಡಿಕೊಂಡರು. ಕೆಂಪೇ. ನಾಲ್ಕಕ್ಕೆ ಏಳು ನಿಮಿಷ. ನಿರ್ದೇಶಕರು ಬಾಗಿಲಿಗೆ ಭುಜ ಕೊಟ್ಟು ಭುಜ ಹಿಡಿದುಕೊಂಡು ಕೂತರು.

"ಇಪ್ಪತ್ತು ವರ್ಷಕ್ಕೊಂದು ಪಾತ್ರ ಬಂತು. ಅದೂ ಬಾಗಿಲಾಚೆನೇ ಮುಗೀತು" ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡರು.

ಆಗ ರೆಕಾರ್ಡಿಂಗ್ ಮಾಡುವಾಕೆ ದೊಡ್ಡಪ್ಪನನ್ನು ದಿಟ್ಟಿಸಿ, "ದಿನಾ ಇಲ್ಲಿ ನೀವೇನೋ ಸದ್ದು ಮಾಡ್ತಿದ್ರಲ್ಲ?" ಎಂದಳು. ದೊಡ್ಡಪ್ಪ ಮೊದಲು ತಮ್ಮ ಬಾಯಿ ತೋರಿಸಿದರು, ಆಮೇಲೆ ಹೆಂಡತಿಯನ್ನು.

"ಮಾಡಿ ಅತ್ಲಾಗೆ" ಎಂದು ದೊಡ್ಡಮ್ಮನ ಅಪ್ಪಣೆಯಾಯಿತು. "ಬಾಗಿಲೇ, ತೆರೆ."

"ಕಿರ್‍ರ್‍ರ್..." ಎಂದರು ದೊಡ್ಡಪ್ಪ.

ಹಸಿರು ದೀಪ. ನಿಜವಾದ ಬಾಗಿಲು ಚೂರೂ ಸದ್ದಿಲ್ಲದೆ ತೆರೆದುಕೊಂಡಿತು. ಆ ಮಾತು ಕಿವಿಗೆ ಬಿದ್ದರೆ ಕಿರುಗುಟ್ಟುವುದು ದೊಡ್ಡಪ್ಪನ ಕಸುಬಿನ ಚಟ. ಕಲಿಸುವಾಗಲೂ ಐದಕ್ಕೆ ಐದು ಸಲ ಕಿರುಗುಟ್ಟಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತ ಒಳಗೆ ನುಗ್ಗಿದೆವು. ಅಂದು ಕ್ಯಾಪ್ಟನ್ ಉಲ್ಕೆಗಳ ನಡುವೆಯೂ ಕಿಸಕ್ಕೆಂದದ್ದನ್ನು ಊರೆಲ್ಲ ಕೇಳಿತು.

ಮರುದಿನ ನಿರ್ದೇಶಕರು ಬೀಗಕ್ಕೆ ಹೊಸದಾಗಿ ದನಿ ಕಲಿಸಲು ಕರೆದರು. ದೊಡ್ಡಮ್ಮ ಒಪ್ಪಲಿಲ್ಲ.

"ಅದು ಸರಿಯಾಗೇ ಗುರುತು ಹಿಡಿದಿದೆ ಬಿಡಿ. ಇವರನ್ನ ಬಿಟ್ಟು ನಾನು ಯಾವತ್ತು ಒಳಗೆ ಬಂದಿದೀನಿ?"