ನೀರಾನೆ ಮಿಸ್

ಅವರ ಬಾಯಿ ದೊಡ್ಡದು. ನಕ್ಕರೆ ದವಡೆ ಹಲ್ಲಿಗೆ ಹಾಕಿಸಿದ್ದ ಬೆಳ್ಳಿ ಬಣ್ಣದ ಕ್ಯಾಪಿನವರೆಗೂ ಕಾಣುತ್ತಿತ್ತು. ಕತ್ತು ಹಿಂದಕ್ಕೆ ಚೆಲ್ಲಿ, ಆ ಬಾಯಿಯನ್ನು ಅಷ್ಟಗಲ ತೆರೆದು ನೀರಾನೆ ಆಕಳಿಸುವುದನ್ನು ತೋರಿಸಿದರೆ ಮಕ್ಕಳು ಹತ್ತಿರ ಬಂದು ಒಳಗೆ ಬಗ್ಗಿ ನೋಡುತ್ತಿದ್ದರು. ಬೆಂಗಳೂರಿನ ಹೂಡಿಯ ಆ ಪ್ಲೇಸ್ಕೂಲಿನಲ್ಲಿ ಅವರು ನೀರಾನೆ ಮಿಸ್.

ವರ್ತೂರಿನವರು. ಗಂಡ ಬೇಗ ತೀರಿಕೊಂಡಿದ್ದರು. ಹೊಲವಿದ್ದ ಜಾಗದಲ್ಲಿ ಅಣ್ಣ ಎಬ್ಬಿಸಿದ್ದ ಬಾಡಿಗೆ ಮನೆಗಳ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂದು ಕೋಣೆ ಅವರದು.

ನನ್ನ ಮಗನಿಗೆ ಆಗ ಮೂರು ತುಂಬಿತ್ತು, ಮಾತು ಬಂದಿರಲಿಲ್ಲ. ಕಿವಿ ಸರಿಯಿದೆ ಎಂದ ಡಾಕ್ಟರು ಸ್ಪೀಚ್ ಥೆರಪಿಗೆ ಕಳಿಸಿದರು. ಅತ್ತೆ ಬಜೆ ತೇಯ್ದು ನೆಕ್ಕಿಸಿದರು. ಬೇರೆ ಶಾಲೆಗಳವರು "ಮಾತಾಡಲಿ, ಆಮೇಲೆ ಕರ್ಕೊಂಡ್ಬನ್ನಿ" ಎಂದು ವಾಪಸ್ ಕಳಿಸಿದ್ದರು. ಇವರು ಮಾತ್ರ ಅವನ ಗದ್ದ ಹಿಡಿದು ನೋಡಿ, "ನಮ್ಮನೇಲಿ ಒಂದು ಕರು ಇತ್ತು ಕಣಮ್ಮ, ಎಷ್ಟೋ ದಿವ್ಸ ಅಂಬಾ ಅನ್ನಲೇ ಇಲ್ಲ. ಆಮೇಲೆ ಊರಿಗೆಲ್ಲ ಕೇಳಂಗೆ ಕೂಗೋದು" ಎಂದು ನಕ್ಕರು.

ಅವರ ಪಾಠವೆಲ್ಲ ಪ್ರಾಣಿಗಳದ್ದೇ. "ಮೊಸಳೆಗೆ ನಾಲಿಗೆ ಆಚೆ ಚಾಚಕ್ಕೆ ಬರಲ್ಲ, ನಿಮಗೆ ಬರುತ್ತಾ? ಎಲ್ಲಿ, ತೋರ್ಸಿ!" ಅಂದರೆ ತರಗತಿಗೆ ತರಗತಿಯೇ ನಾಲಿಗೆ ಚಾಚುತ್ತಿತ್ತು. "ಜಿರಾಫೆ ನಾಲಿಗೆ ಕಪ್ಪು. ನಿಂದು ಯಾವ ಬಣ್ಣ?" ಮಗ ಮನೆಗೆ ಬಂದು ಕನ್ನಡಿಯ ಮುಂದೆ ನಾಲಿಗೆ ನೋಡಿಕೊಳ್ಳುತ್ತಿದ್ದ.

ಆ ವರ್ಷ ಮಕ್ಕಳನ್ನು ಬನ್ನೇರುಘಟ್ಟದ ಮೃಗಾಲಯಕ್ಕೆ ಕರೆದೊಯ್ದಾಗ ಕೆಲವು ತಾಯಂದಿರ ಜೊತೆ ನಾನೂ ಹೋಗಿದ್ದೆ. ಕೊಳದಲ್ಲಿ ಮುಳುಗಿದ್ದ ನೀರಾನೆ ತಲೆ ಎತ್ತಿ ಬಾಯಿ ತೆರೆಯಿತು. ಮಿಸ್ ಸೀರೆ ಮಣ್ಣಾಗುವುದನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು ತಾವೂ ತೆರೆದರು. ಮಕ್ಕಳೂ ತೆರೆದರು. ನನ್ನ ಮಗ ಒಮ್ಮೆ ಅದರ ಬಾಯಿ, ಒಮ್ಮೆ ಇವರ ಬಾಯಿ ನೋಡಿದ. "ಆ..." ಎಂದ. ಆಮೇಲೆ, "...ನೆ."

ನಾನು ಓಡಿಹೋಗಿ ಅವನನ್ನು ಎತ್ತಿಕೊಳ್ಳುವವಳಿದ್ದೆ. ಮಿಸ್ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಬಿಟ್ಟರು. "ಸುಮ್ಕಿರಮ್ಮ. ಅಳ್ಬೇಡ, ಎದರ್ಕೊಳ್ತಾನೆ. ಇನ್ನೊಂದ್ಸಲ ಅಂತಾನೆ ನೋಡು." ಮಗ ಅಂದೇ ಅಂದ. "ಆನೆ."

ಅಷ್ಟರಲ್ಲಿ ನೀರಾನೆ ದಡಕ್ಕೆ ಬಂದು ಸಗಣಿ ಹಾಕತೊಡಗಿತು. "ನೋಡ್ರೋ, ಬಾಲ ಎಂಗೆ ಫ್ಯಾನ್ ತರ ತಿರುಗಿಸ್ತದೆ! ಇದು ನನ್ನ ಜಾಗ ಅಂತ ಎಲ್ರಿಗೂ ಹೇಳೋದು ಇಂಗೇನೇ!" ಎಂದು ಮಿಸ್ ಕೈ ತಿರುಗಿಸಿ ತೋರಿಸಿದರು. ಮಕ್ಕಳು ನಕ್ಕು ನಕ್ಕು ನೆಲಕ್ಕೆ ಬಿದ್ದವು.

ಒಬ್ಬ ಹುಡುಗಿ ಆ ವಾರ ತನ್ನ ಹುಟ್ಟುಹಬ್ಬದಲ್ಲಿ, ನೆಂಟರ ಮುಂದೆ, ಕೇಕಿನ ಮೇಜಿಗೆ ಬೆನ್ನು ತಿರುಗಿಸಿ ನಿಂತು ನೀರಾನೆಯ ಫ್ಯಾನ್ ಮಾಡಿ ತೋರಿಸಿದಳು. ಅವಳಮ್ಮನಿಗೆ ಅವಮಾನವಾಯಿತು. ನೆಲದ ಮೇಲೆ ಬಾಯಿ ತೆರೆದು ಕೂತಿದ್ದ ಮಿಸ್ಸಿನ ವಿಡಿಯೋ ಪೋಷಕರ ವಾಟ್ಸಾಪ್ ಗುಂಪಿಗೆ ಬಂತು. ನಗುವ ಮುಖಗಳು ಸಾಲುಗಟ್ಟಿದವು. ಆಮೇಲೆ ಯಾರೋ, ಇವರೇನಾ ನಮ್ಮ ಮಕ್ಕಳ ಟೀಚರ್, ಎಂದು ಕೇಳಿದರು. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ. ಆ ವಿಡಿಯೋದಲ್ಲಿ ಕೇಳುವುದು ನನ್ನ ಮಗನ ಮೊದಲ ಮಾತು ಎಂದು ಬರೆದೆ. ಇಬ್ಬರು ಹೆಬ್ಬೆರಳು ತೋರಿಸಿದರು.

ಶಾಲೆಯ ಒಡತಿಯ ಬಳಿಗೇ ಹೋದೆ.

"ನಂಗೂ ತುಂಬಾ ಹ್ಯಾಪಿ ಮೇಡಂ," ಎಂದರು. "ಆದ್ರೆ ಅದು ಥೆರಪಿಯಿಂದಾನೂ ಆಗಿರ್ಬಹುದಲ್ವಾ?"

ತಿಂಗಳ ಕೊನೆಗೆ ಮಿಸ್ಸನ್ನು ಬಿಡಿಸಿದರು. ಅವರು ಕೂರುತ್ತಿದ್ದ ಮೂಲೆಗೆ ದೊಡ್ಡ ಟೀವಿ ಬಂತು. ಸಿಂಹದ ಚಿತ್ರ ಮುಟ್ಟಿದರೆ ಅದು ಗರ್ಜಿಸುತ್ತದೆ. ನಾನು ಮಗನನ್ನು ಅಲ್ಲಿಂದ ಬಿಡಿಸಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಅವನನ್ನು ಕರೆದುಕೊಂಡು ಅವರ ಕೋಣೆಗೆ ಹೋದೆ. ಅಪಾರ್ಟ್‌ಮೆಂಟೊಂದರ ಡೇಕೇರಿನಲ್ಲಿ ತರಕಾರಿ ಹೆಚ್ಚುವ ಕೆಲಸ ಹಿಡಿದಿದ್ದರು. ಮಗ ಮೆಟ್ಟಿಲು ಹತ್ತುವಾಗಿನಿಂದ ಬಾಯಿ ಮುಚ್ಚಿರಲಿಲ್ಲ, ಅವರನ್ನು ಕಂಡವನೇ ನನ್ನ ಹಿಂದೆ ಅವಿತು, "ಯಾರಮ್ಮಾ ಇವ್ರು?" ಎಂದ. ನನಗೆ ನಾಚಿಕೆಯಾಯಿತು.

"ಬುಡಮ್ಮ, ಮಾತಾಡ್ತಾನಲ್ಲ," ಎಂದರು.

"ಅವನಿಗೊಂದ್ಸಲ ನೀರಾನೆ ತೋರ್ಸಿ ಮಿಸ್, ನೆನಪಾಗುತ್ತೆ."

"ಅದೆಲ್ಲ ಬ್ಯಾಡ." ನಗು ಬಂದಿತ್ತು ಅವರಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊದಲು ಅವರು ಹಾಗೆ ನಕ್ಕವರಲ್ಲ. ಕಾಫಿ ಕೊಟ್ಟು ಕಳಿಸಿದರು.

ಹೋದ ಬೇಸಿಗೆಯಲ್ಲಿ, ಹೃದಯ ನಿಂತು ಹೋಗಿಬಿಟ್ಟರು. ಆ ಡೇಕೇರಿನ ವಾಚ್‌ಮನ್ ಹೇಳಿ ನನಗೆ ಗೊತ್ತಾಗುವ ಹೊತ್ತಿಗೆ ತಿಥಿಯ ದಿನ. ಹೋದೆ. ಶಾಲೆಯವರು ಯಾರೂ ಬಂದಿರಲಿಲ್ಲ. ಪಂಕ್ತಿಯಲ್ಲಿ ಅನ್ನ ಬಡಿಸುತ್ತಿದ್ದ ಅವರ ಅತ್ತಿಗೆ ನನ್ನ ಎಲೆಯ ಮುಂದೆ ನಿಂತರು.

"ನೀವ್ಯಾರಮ್ಮ? ಗೊತ್ತಾಗ್ಲಿಲ್ಲ."

"ನನ್ನ ಮಗನಿಗೆ ಅವರೇ ಮಾತು ಕಲಿಸಿದ್ದು. ಸ್ಕೂಲಲ್ಲಿ."

"ಕಲಿಸ್ತಿದ್ಲಾ? ಇಸ್ಕೂಲ್ನಾಗೆ ಆಯಾ ಕೆಲ್ಸ ಅಂದ್ಕಂಡಿದ್ವಿ ನಾವು."

"ಅಲ್ಲ," ಎಂದೆ. "ಮಿಸ್ ಅವರು."

ಆಕೆ ಆಗಲೇ ಪಕ್ಕದ ಎಲೆಗೆ ದಾಟಿದ್ದರು.