ಬೆಕ್ಕಿಗೆ ಬೈದ ಮಾತು

ಸೊಂಟದ ಆಪರೇಷನ್ ಆದ ಅತ್ತೆ ಕಂಪ್ಲಿಯಿಂದ ನಮ್ಮ ಹೊಸಪೇಟೆ ಮನೆಗೆ ಬಂದ ದಿನವೇ ನಮ್ಮ ಬೆಕ್ಕು ಗಲೀಜು ಮಾಡುವ ಮರಳಿನ ಟಬ್ಬಿಗೆ ಜಾಗ ಇಲ್ಲದಂತಾಯಿತು. ಬಚ್ಚಲಮನೆಯಲ್ಲಿ ಅದು ಇದ್ದ ಮೂಲೆಯಲ್ಲಿ ಅತ್ತೆಯ ಕಮೋಡ್ ಕುರ್ಚಿ ಇಡಬೇಕಿತ್ತು. ಟಬ್ಬನ್ನು ಹಿಂದಿನ ವರಾಂಡಕ್ಕೆ ಸಾಗಿಸಿದೆ. ಈ ಮನೆಯಲ್ಲಿ ಯಾವ ಸಾಮಾನು ಎಲ್ಲಿಗೆ ಹೋದರೂ ಹೊರುವವಳು ನಾನೇ.

ಅತ್ತೆ ಮೂಗು ಮುರಿದಾರು ಎಂದು ಹೆದರಿ ಟಬ್ಬನ್ನು ಫಿನೈಲ್ ಹಾಕಿ ತಿಕ್ಕಿ, ಹೊಸ ಮರಳು ತುಂಬಿದ್ದೆ. ಅದೇ ನಾನು ಮಾಡಿದ ಎಡವಟ್ಟು. ಬೆಕ್ಕು ಒಮ್ಮೆ ಮೂಸಿತು, ತನ್ನ ವಾಸನೆ ಸಿಗದೆ ಕಾಲು ಝಾಡಿಸಿತು, ನೆಟ್ಟಗೆ ಬಂದು ಬಚ್ಚಲ ಹೊಸ್ತಿಲ ಮುಂದೆ ಉಚ್ಚೆ ಹೊಯ್ಯಿತು. ಆಮೇಲೆ ದಿನಕ್ಕೆ ಮೂರು ಸಲ, ನಾಲ್ಕು ಸಲ ಅದೇ ಕಥೆ. ಅತ್ತೆ ವಾಕರ್ ಹಿಡಿದು ಬರುವ ದಾರಿ ಅದು. ಇನ್ನೊಮ್ಮೆ ಜಾರಿ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಸಂಡೂರಿನ ಗಣಿ ಆಫೀಸಿನಿಂದ ಕೆಂಧೂಳು ಹೊತ್ತು ಬಂದ ನನ್ನ ಗಂಡ ಬೂಟು ಬಿಚ್ಚುತ್ತಾ, ಭಾನುವಾರದೊಳಗೆ ಸರಿಹೋಗದಿದ್ದರೆ ಅದನ್ನು ಹಂಪಿಯ ಬಾಳೆತೋಟದಲ್ಲಿ ಬಿಟ್ಟು ಬರುತ್ತೇನೆ ಎಂದರು. ಒರೆಸುವ ಬಟ್ಟೆ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಒರೆಸಿ ಒರೆಸಿ ನನಗೂ ಸಾಕಾಗಿ ಹೋಗಿತ್ತು. ಬೆಕ್ಕನ್ನು ಎತ್ತಿ ಟಬ್ಬಿನಲ್ಲಿ ಕೂರಿಸುವುದು, ಅದು ಹಾರಿ ಓಡುವುದು, ನಾನು ಅದರ ಹಿಂದೆ ಗೊಣಗುತ್ತಾ ಹೋಗುವುದು. ಕೂತಲ್ಲಿ ನಿಂತಲ್ಲಿ ಗಲೀಜು, ನಿನ್ನ ಚಾಕರಿ ಮಾಡಲಿಕ್ಕೇ ನಾನು ಹುಟ್ಟಿದ್ದೇನೇನು ಎಂದು ಗಟ್ಟಿಯಾಗಿಯೇ ಅಂದಿದ್ದೆ.

ಶುಕ್ರವಾರ ಅತ್ತೆಯ ತುಟಿ ಒಣಗಿ ಬಿರಿದದ್ದು ಕಂಡಿತು. ಬೆಳಿಗ್ಗೆ ಇಟ್ಟ ತಂಬಿಗೆ ನೀರು ಸಂಜೆಯಾದರೂ ಹಾಗೇ ಇತ್ತು. ಯಾಕೆ ಕುಡಿದಿಲ್ಲ ಎಂದು ಕೇಳಿದೆ. ಅವರು ಗೋಡೆ ನೋಡುತ್ತಾ ಹೇಳಿದರು:

"ಕುಡದ್ರ ಕುರ್ಚಿಗೆ ಹೋಗಬೇಕಾಗ್ತೈತಿ, ಅದನ್ನೂ ನೀನ ತೊಳೀಬೇಕು. ನಿನಗ ಭಾಳ ಸಾಕಾಗೈತಿ. ಕೇಳಸ್ತೈತಿ ನನಗ."

ನಾನು ಬೈದದ್ದು ಬೆಕ್ಕಿಗೆ ಎಂದೆ.

"ನಾನೂ ಎಮ್ಮಿಗೇ ಬೈತಿದ್ದೆನವಾ," ಅಂದರು.

ಮದುವೆಯಾದ ಹೊಸದರಲ್ಲಿ ಕಂಪ್ಲಿಯ ಮನೆಯಲ್ಲಿ ದಿನಾ ಬೆಳಿಗ್ಗೆ ಅವರು ಕೊಟ್ಟಿಗೆಯಲ್ಲಿ ನಿಂತು ಎಮ್ಮೆಗೆ ಬೈಯುತ್ತಿದ್ದರು. ತಿಂದು ಮಲಗುತ್ತದೆ, ಮೈ ಬಗ್ಗುವುದಿಲ್ಲ ಎಂದು. ಆ ಬೈಗುಳ ಅಡುಗೆಮನೆಯಲ್ಲಿದ್ದ ನನಗೇ ಎಂಬುದು ನಮ್ಮಿಬ್ಬರಿಗಷ್ಟೇ ಅಲ್ಲ, ಓಣಿಗೆಲ್ಲ ಗೊತ್ತಿತ್ತು. ಪಾಪದ ಎಮ್ಮೆ ಎರಡೂ ಹೊತ್ತು ಹಾಲು ಕೊಡುತ್ತಿತ್ತು. ಈಗ, ನಾನು ಅಂದದ್ದೆಲ್ಲ ಬೆಕ್ಕಿಗೇ ಎಂದು ಅವರ ಮುಂದೆ ಆಣೆ ಮಾಡಿದ್ದರೆ ಅದು ಸುಳ್ಳಾಗುತ್ತಿತ್ತು. ನಾಚಿಕೆಯಾಯಿತು.

ಟಬ್ಬನ್ನು ಬಚ್ಚಲ ಬಾಗಿಲ ಪಕ್ಕಕ್ಕೆ, ವಾಕರಿಗೆ ತೊಡರದ ಹಾಗೆ ತಂದಿಟ್ಟೆ. ಉಚ್ಚೆ ಒರೆಸಿದ ಬಟ್ಟೆಯನ್ನು ಅದರ ಮರಳಿಗೇ ಹಿಂಡು, ದಿನಕ್ಕೊಂದು ಗೇಣು ವರಾಂಡದ ಕಡೆ ಸರಿಸು ಎಂದು ಅತ್ತೆಯೇ ಹೇಳಿಕೊಟ್ಟರು. ಹಾಗೇ ಮಾಡಿದೆ. ಬೆಕ್ಕು ಬಹಳ ಹೊತ್ತು ಮೂಸಿ ಕೊನೆಗೆ ಒಳಗಿಳಿಯಿತು.

ತಂಬಿಗೆಗೆ ಹೊಸ ನೀರು ತುಂಬಿ ಅತ್ತೆಯ ಕೈಗೆ ಕೊಟ್ಟೆ. ಒಂದೊಂದು ಗುಟುಕಿಗೂ ನನ್ನ ಮುಖ ನೋಡುತ್ತಾ ಅವರು ಅರ್ಧ ತಂಬಿಗೆ ಕುಡಿದರು.