ಸಿಟ್ಟಿಗೆ ರಾಗ ಅಂತಾರೇನು?

ಮರಾಠಿಯಲ್ಲಿ ಸಿಟ್ಟಿಗೆ ರಾಗ ಎನ್ನುತ್ತಾರೆ. ಪುಣೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ನನ್ನ ಮುಖ ನೋಡಿ "ರಾಗ ಆಲಾ ಕಾ?" ಎಂದಿದ್ದಳು. ಹಾಡಲು ಬರುತ್ತದೆಯೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡು, ಭಜನೆ ಮಾತ್ರ ಬರುತ್ತದೆ ಎಂದುಬಿಟ್ಟೆ. ಅವಳು ಕೇಳಿದ್ದು ಸಿಟ್ಟು ಬಂತಾ ಎಂದು. ಊರಿಗೆ ಹೋದಾಗಲೆಲ್ಲ ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಪುಣೆಯ ಧನಕವಡಿಯಲ್ಲಿ ಎರಡು ಖೋಲಿಯ ಮನೆ. ಗಂಡ ಗುಮಾಸ್ತ. ವಿಜಾಪುರದ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ಮತ್ತು ನಮ್ಮ ಒಬ್ಬಳೇ ಮಗಳು. ಮಗಳಿಗೆ ಆಟಿಸಂ ಎಂದು ಡಾಕ್ಟರು ಹೇಳಿದಾಗ ಆ ಶಬ್ದವನ್ನು ನಾವು ಕೇಳಿದ್ದು ಅದೇ ಮೊದಲು. ಅವಳಿಗೆ ಮಾತು ಕೆಲವು ಬರುತ್ತಿದ್ದವು: ನೀರು, ಬ್ಯಾಡ, ಫ್ಯಾನ್. ಒಳಗೆ ಏನಾಗುತ್ತಿದೆ ಎಂದು ಹೇಳಲು ಒಂದು ಮಾತೂ ಇರಲಿಲ್ಲ. ಸಿಟ್ಟು ಬಂದರೆ ಎಡಗೈ ಹೆಬ್ಬೆರಳ ಬುಡವನ್ನು ಕಚ್ಚಿಕೊಳ್ಳುತ್ತಿದ್ದಳು. ಅಲ್ಲಿನ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಾಗಿತ್ತು, ಆದರೂ ರಕ್ತ ಬರುವಂತೆ ಕಚ್ಚುತ್ತಿದ್ದಳು. ದೇವರಲ್ಲಿ ನಾನು ಬೇಡುತ್ತಿದ್ದದ್ದು ಒಂದೇ. ಕಚ್ಚುವ ಮೊದಲು ಬಾಯಿಬಿಟ್ಟು ಹೇಳಲಿ.

ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಹಡಿಯಲ್ಲಿ ಇಂಥ ಮಕ್ಕಳಿಗೆ ತರಗತಿ ನಡೆಯುತ್ತಿತ್ತು. ಎದುರಿಗೇ ಕೋಚಿಂಗ್ ಕ್ಲಾಸು. ಅಲ್ಲಿನ ಮಕ್ಕಳು ಗಣಿತ ಕಲಿಯುತ್ತಿದ್ದರೆ ನಮ್ಮವರು ನಗುವುದನ್ನು ಕಲಿಯುತ್ತಿದ್ದರು. ರಟ್ಟಿನ ಮೇಲೆ ಬರೆದ ಮುಖಗಳಿದ್ದವು. ಗೋಡೆಗೆ ಉದ್ದದ ಕನ್ನಡಿ. ತಾಯಂದಿರು ಕನ್ನಡಿಯ ಮುಂದೆ ಮುಖ ಮಾಡಿ ತೋರಿಸಬೇಕು, ಮಕ್ಕಳು ನೋಡಿ ಅದರ ಹೆಸರು ಹೇಳಬೇಕು. ಸಿಟ್ಟಿನ ಮುಖಕ್ಕೆ ನನಗೆ ಅಭ್ಯಾಸವೇ ಬೇಕಾಗಲಿಲ್ಲ, ಹುಟ್ಟುಗುಣ. ಸಂತೋಷದ ಮುಖ ಮಾಡಿದರೆ ಮಾತ್ರ ಮಗಳು ತಲೆ ಆಚೆ ತಿರುಗಿಸುತ್ತಿದ್ದಳು. ಎರಡು ಭಾಷೆ ಬೇಡ, ಮಗು ಗೊಂದಲಕ್ಕೆ ಬೀಳುತ್ತದೆ, ಮನೆಯಲ್ಲೂ ಮರಾಠಿಯನ್ನೇ ಮಾತಾಡಿ ಎಂದು ಶಿಕ್ಷಕಿ ಹೇಳಿದರು. ನಾನು ಹೂಂ ಅಂದೆ. ತರಕಾರಿ ಚೌಕಾಸಿಗೆ ಬೇಕಾದಷ್ಟು ಮರಾಠಿಯೂ ಬಾರದ ಅತ್ತೆಯನ್ನು ಏನು ಮಾಡಬೇಕೆಂದು ಕೇಳಲಿಲ್ಲ.

ಎಷ್ಟೋ ತಿಂಗಳು ಬಸ್ಸಿನಲ್ಲಿ ಓಡಾಡಿದ ಮೇಲೆ ಒಂದು ದಿನ ತರಗತಿಯಲ್ಲಿ ಯಾರೋ ಅವಳ ಕೈಯಿಂದ ಮಣಿಯ ಡಬ್ಬಿ ಕಸಿದರು. ಎಡಗೈ ಬಾಯಿಯವರೆಗೆ ಹೋಯಿತು, ನಿಂತಿತು. "ರಾಗ" ಅಂದಳು. ಶಿಕ್ಷಕಿ ಕುಣಿದೇ ಬಿಟ್ಟರು. ನಾನು ಮೆಟ್ಟಿಲ ಮೇಲೆ ಹೋಗಿ ಕೂತು ಅತ್ತುಬಿಟ್ಟೆ.

ಮುಂದಿನ ದಿನಗಳಲ್ಲಿ ಕಚ್ಚುವುದು ಕಡಿಮೆಯಾಯಿತು, ಗಾಯ ಒಣಗಿತು. ಅಷ್ಟರಲ್ಲಿ ಅತ್ತೆ ಓಣಿಯ ನಮ್ಮ ಕನ್ನಡದ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳುವುದು ಕಿವಿಗೆ ಬಿತ್ತು. "ನನ್ನ ಮೊಮ್ಮಗಳಿಗೆ ಹಾಡಂದ್ರ ಪ್ರಾಣ ನೋಡ್ರಿ. ರಾಗ, ರಾಗ ಅಂತ ಬೆನ್ನ ಹತ್ತತಾಳ."

ಒಂದು ಮಧ್ಯಾಹ್ನ ಕಣ್ಣಾರೆ ಕಂಡೆ. ಮೇಲಿನ ಮನೆಯಲ್ಲಿ ಗೋಡೆಗೆ ಡ್ರಿಲ್ ಹಾಕುತ್ತಿದ್ದರು. ಮಗಳು ಮುಖ ಕೆಂಪಗೆ ಮಾಡಿಕೊಂಡು ರಾಗ, ರಾಗ ಎಂದು ಒದರುತ್ತಿದ್ದಳು. ಅತ್ತೆ ಅವಳ ಬೆನ್ನು ತಟ್ಟುತ್ತ "ಸಜ್ಜಿ ಹೊಲದಾಗ ಗುಬ್ಬಿ ಬಂದಾವ" ಎಂದು ಡ್ರಿಲ್ಲಿಗಿಂತ ಜೋರಾಗಿ ಹಾಡುತ್ತಿದ್ದರು.

"ಅತ್ತಿ, ಅಕಿ ಹಾಡು ಕೇಳಾಕತ್ತಿಲ್ರಿ! ಸಿಟ್ಟು ಬಂದದ ಅಂತ ಹೇಳಾಕತ್ತಾಳ್ರಿ!"

ಅತ್ತೆ ನನ್ನನ್ನೇ ಪಿಳಿಪಿಳಿ ನೋಡಿದರು. "ಸಿಟ್ಟಿಗೆ ರಾಗ ಅಂತಾರೇನವಾ ಮಂದಿ?" ಮೊಮ್ಮಗಳ ಬೆನ್ನ ಮೇಲೆ ಕೈಯಾಡಿಸುತ್ತ, "ಅಂದ್ರ ಅನ್ಲಿ ಬಿಡು. ಸಿಟ್ಟು ಬಂದಾಗ ಹಾಡಿದ್ರ ಏನ್ ಪಾಪ ಬರತದ?" ಎಂದು ಮತ್ತೆ ಶುರುಮಾಡಿದರು. ಮಗಳ ಕೈ ಬಾಯಿಗೆ ಹೋಗಲಿಲ್ಲ. ಶಿಕ್ಷಕಿಗೆ ನಾನು ಇದನ್ನು ಹೇಳಲಿಲ್ಲ, ಹೇಳುವಂಥ ಮರಾಠಿ ನನ್ನಲ್ಲೂ ಇರಲಿಲ್ಲ. ಅಂದಿನಿಂದ ಅತ್ತೆ ಇರುವವರೆಗೂ ನಮ್ಮ ಮನೆಯಲ್ಲಿ ಸಿಟ್ಟಿಗೆ ಉತ್ತರ ಆ ಗುಬ್ಬಿಯ ಹಾಡು.

ಮಗಳು ಹತ್ತು ದಾಟಿದ್ದಳು. ಒಂದು ಬೆಳಿಗ್ಗೆ ಚಹಾ ಬೇಕೆಂದ ಅತ್ತೆ ನಾನು ಕಪ್ಪು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಊರಿನಿಂದ ಜನ ಬಂದು ಖೋಲಿ ತುಂಬಿತು. ನಮ್ಮ ಕಡೆ ಹೆಣದ ಮುಂದೆ ಬರೀ ಅತ್ತರೆ ಸಾಲದು, ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳಬೇಕು. ಒಬ್ಬರು ಎತ್ತಿದ ದನಿಯನ್ನು ಇನ್ನೊಬ್ಬರು ಹಿಡಿದರು. ಮಗಳು ಮೂಲೆಯಲ್ಲಿ ಎರಡೂ ಕಿವಿ ಮುಚ್ಚಿ ಕೂತಿದ್ದಳು, ಕಣ್ಣು ಒಣಗಿತ್ತು.

"ಸಾಕಿದ ಅಜ್ಜಿ ಹ್ವಾದ್ರೂ ಒಂದ್ ಹನಿ ನೀರಿಲ್ಲ. ಕಲ್ಲಿನಂಥಾ ಹುಡುಗಿ ಬಿಡ್ರಿ," ಅಂದರು ಯಾರೋ.

ನನ್ನ ದೊಡ್ಡ ನಾದಿನಿಗೆ ಅದು ತಾಗಿತು. ಮಗಳ ಹತ್ತಿರ ಹೋಗಿ, "ಅಳವಾ, ಒಂದೀಟ ಅಳು, ಮಂದಿ ನೋಡಾಕತ್ತಾರ," ಎನ್ನುತ್ತ ತೋಳನ್ನು ಚಿವುಟಿದಳು. ಅಳು ಬರಲಿಲ್ಲ. ಇನ್ನೊಮ್ಮೆ, ಉಗುರು ಊರಿ. ನಾನು ಎದ್ದು ಹೋಗಿ ನಾದಿನಿಯ ಕೈಯನ್ನು ಕಿತ್ತು ತಳ್ಳಿದೆ. ಹೆಣದ ಮುಂದೆ ಏನು ಆಡಬಾರದೋ ಅದನ್ನೇ ಆಡಿದೆ. ಇಂದಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಮಗಳು ಎದ್ದಳು. ಹೂವಿನ ಹಾರ ದಾಟಿ ಅಜ್ಜಿಯ ಮುಖದ ಹತ್ತಿರ ಹೋಗಿ ನಿಂತು, ಸ್ಪಷ್ಟವಾಗಿ, "ರಾಗ" ಅಂದಳು.

ಕೇಳಿದ್ದೇ ತಡ, ನಾದಿನಿಯೇ ಎದೆ ಬಡಿದುಕೊಂಡಳು. "ಹಾಡಂತ ಕೇಳಾಕತ್ತಾಳ ನೋಡ್ರಿ ಕೂಸು! ಅಯ್ಯೋ ಯವ್ವಾ, ಏಳಽ, ಹಾಡಽ!" ಕಲ್ಲು ಅಂದವರೇ ಈಗ ಮುದ್ದು ಸುರಿಸಿದರು. ಮಗಳ ತೋಳಿನ ಮೇಲೆ ಉಗುರಿನ ಗುರುತು ಕೆಂಪಗೆ ಎದ್ದಿತ್ತು. ಚಿವುಟಿದ್ದಕ್ಕೆ ಸಿಟ್ಟೋ, ಅಜ್ಜಿ ಏಳದ್ದಕ್ಕೆ ಸಿಟ್ಟೋ, ಹಾಡೇ ಬೇಕಿತ್ತೋ, ನನಗೆ ಗೊತ್ತಿಲ್ಲ. ಅವಳು ಉತ್ತರಕ್ಕೆ ಕಾಯುತ್ತಿದ್ದಳು ಎಂಬುದು ಮಾತ್ರ ಗೊತ್ತಿತ್ತು. ಇನ್ನೊಮ್ಮೆ, ಮೆಲ್ಲಗೆ, "ರಾಗ" ಅಂದಳು.

ನಾನೇ ಹಾಡಿದೆ. "ಸಜ್ಜಿ ಹೊಲದಾಗ ಗುಬ್ಬಿ ಬಂದಾವ." ಅವಳು ತಿರುಗಿ ನನ್ನ ಬಾಯಿಯನ್ನೇ ನೋಡಿದಳು. ಎರಡನೆಯ ಸಾಲು ನನಗೆ ಬರಲಿಲ್ಲ. ವರ್ಷಗಟ್ಟಲೆ ಆ ಹಾಡು ನನ್ನ ಅಡುಗೆಮನೆಯ ಗೋಡೆಯಾಚೆಗೇ ನಡೆದಿತ್ತು. ಮೊದಲನೆಯದನ್ನೇ ಮತ್ತೆ ಹಾಡಿದೆ. ಅಷ್ಟರಲ್ಲಿ ಸೊಸೆ ಹಾಡಿ ಅಳಲು ಶುರುಮಾಡಿದಳೆಂದು ತಿಳಿದು ಹೆಂಗಸರೆಲ್ಲ ದನಿ ಕೂಡಿಸಿದರು. ಆ ಗೋಳಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಮಗಳು ಎಡಗೈಯನ್ನು ಬಾಯಿಗೆ ಒಯ್ದಳು. ಬಿಡಿಸಲು ಇಬ್ಬರು ಬೇಕಾದರು.

ಸದಾಶಿವ ಪೇಠಕ್ಕೆ ಆಮೇಲೂ ಬಹಳ ವರ್ಷ ಹೋದೆವು. ಸಿಟ್ಟಿನ ಮುಖದ ರಟ್ಟನ್ನು ಶಿಕ್ಷಕಿ ಎದುರಿಗೆ ಹಿಡಿದು, ಇದೇನು ಹೇಳು ಎಂದು ಎಷ್ಟು ಸಲ ಕೇಳಿದರೂ ಆ ಮಾತು ಅವಳಿಂದ ಮತ್ತೆ ಬರಲಿಲ್ಲ. ರಟ್ಟು ನೋಡಿದ ಕೂಡಲೇ ಕೈ ಕಚ್ಚುತ್ತಿದ್ದಳು.